ಪ್ಯಾರಿಚ್ ಬಂದಿದ್ದರು

ಮೊನ್ನೆ ಓಟ್ಸ್ ಬೇಯಲಿಟ್ಟು ಫೋನಿನಲ್ಲಿ ಮಾತಿಗೆ ನಿಂತೆ. ತಳ ಹಿಡಿಯಿತು. ಆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ನೈರೋಬಿಯ ಹೊರವಲಯದ ಕರೆನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ನೆನಪಾದರು...

ಅಜ್ಜಿ ಸ್ಕಾಟ್ಲೆಂಡಿನವರು. ಟೀಚರಾಗಿ ನೈರೋಬಿಗೆ ಬಂದು, ಇಲ್ಲೇ ತಲೆ ನರೆಸಿಕೊಂಡವರು. ನಮ್ಮಿಬ್ಬರ ಮನೆಗಳ ನಡುವಿನ ಬೇಲಿಯಲ್ಲಿ ಒಂದು ಪುಟ್ಟ ಗೇಟು. ನನ್ನ ಗಂಡ ಔಷಧಿ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಬೆಳಿಗ್ಗೆ ಹೊರಟರೆ ಸಂಜೆಯೇ ಬರುವುದು. ನಾವು ಮೈಸೂರಿನಿಂದ ಬಂದ ವರ್ಷವೇ ನನಗೆ ಟೈಫಾಯ್ಡ್ ಆಯಿತು. ಜ್ವರ ಬಿಟ್ಟರೂ ಬಾಯಿರುಚಿ ಮರಳಲಿಲ್ಲ. ಅನ್ನ ಕಂಡರೆ ವಾಕರಿಕೆ. ತಲೆ ಬಾಚದೆ, ಕಿಟಕಿ ತೆರೆಯದೆ, ಊರಿಗೆ ಹೋಗಿಬಿಡಬೇಕೆಂದು ಅಳುತ್ತ ಮಲಗಿರುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಿ ಫೋನ್ ಮಾಡಿದರು. “ದೇ ಆರ್ ರೆಡಿ! ಕಮ್ ಕ್ವಿಕ್, ದೇ ಆರ್ ವೇಟಿಂಗ್ ಫಾರ್ ಯು!” ಅಷ್ಟೇ, ಇಟ್ಟೇಬಿಟ್ಟರು.

ಯಾರೋ ನೆಂಟರು ಬಂದಿರಬೇಕು, ನನ್ನನ್ನು ನೋಡಬೇಕೆಂದಿರಬೇಕು ಅಂದುಕೊಂಡೆ. ಎಷ್ಟೋ ದಿನಗಳ ಮೇಲೆ ಮನಸ್ಸಿಟ್ಟು ಸ್ನಾನ ಮಾಡಿ, ಮೈಸೂರು ಸಿಲ್ಕ್ ಉಟ್ಟು, ಕುಂಕುಮ ಇಟ್ಟು, ಬೇಲಿ ಹಿಡಿದುಕೊಂಡು ನಿಧಾನವಾಗಿ ಹೋದೆ. ಅಡುಗೆಮನೆಯಲ್ಲಿ ಅಜ್ಜಿ ಒಬ್ಬರೇ ಸೌಟು ಹಿಡಿದು ನಿಂತಿದ್ದರು.

“ವೇರ್ ಆರ್ ದೇ?”

“ಇನ್ ದ ಪಾಟ್!”

ಪಾತ್ರೆಯಲ್ಲಿ ಓಟ್ಸ್ ಗಂಜಿ ಕೊತಕೊತ ಅನ್ನುತ್ತಿತ್ತು. ನನ್ನ ಸೀರೆ ನೋಡಿ ಅಜ್ಜಿಗೆ ವಿಷಯ ಹೊಳೆಯಿತು. ಕುರ್ಚಿ ಹಿಡಿದು ನಗತೊಡಗಿದರು. ಅವರ ಹಳೆಯ ಸ್ಕಾಟ್ಸ್ ನುಡಿಯಲ್ಲಿ ಇದರ ಹೆಸರು ಪ್ಯಾರಿಚ್. ಅದನ್ನು ಯಾವತ್ತೂ ‘ಇಟ್’ ಅನ್ನುವುದಿಲ್ಲ, ‘ದೇ’ ಎಂದೇ ಅನ್ನಬೇಕಂತೆ. ಒಬ್ಬರೇ ಇದ್ದರೂ ಹಿರಿಯರನ್ನು ನಾವು ಬಹುವಚನದಲ್ಲೇ ಕರೆಯುತ್ತೇವೆ ಎಂದೆ. “ಹಾಗಾದರೆ ಸರಿಯೇ ಆಯಿತು, ಇವರು ನನಗಿಂತ ಹಿರಿಯರು!” ಎಂದು ಬಟ್ಟಲು ತುಂಬಿಸಿದರು. ಸಕ್ಕರೆ ಇಲ್ಲ, ಉಪ್ಪು. ನಮ್ಮ ಗಂಜಿಯ ಹಾಗೆಯೇ... ನಗುನಗುತ್ತಲೇ ಬಟ್ಟಲು ಖಾಲಿ ಮಾಡಿ ಇನ್ನಷ್ಟು ಹಾಕಿಸಿಕೊಂಡೆ.

ಸಂಜೆ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. “ಏನೇ ಇದು, ಸಿಲ್ಕ್ ಸೀರೆ? ಯಾರ್ ಬಂದಿದ್ರು?”

“ಪ್ಯಾರಿಚ್ ಬಂದಿದ್ರು.”

“ಯಾವ ಕಂಪನಿಯವ್ರು?”

ಆ ಮನೆಯಲ್ಲಿ ನಾನು ಹೊಟ್ಟೆ ತುಂಬ ನಕ್ಕದ್ದು ಅಂದೇ ಮೊದಲು.

ಮೈಯಲ್ಲಿ ಶಕ್ತಿ ಬಂದ ಮೇಲೆ, ಇಲ್ಲಿಯವರು ವಿಂಬಿ ಎನ್ನುವ ರಾಗಿಹಿಟ್ಟು ತಂದು ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ ಒಯ್ದೆ. ಅಜ್ಜಿ ಒಂದು ಗುಟುಕು ಕುಡಿದು ಕಣ್ಣರಳಿಸಿ, “ಹೂ ಆರ್ ದೇ?” ಎಂದರು. ಅಂದಿನಿಂದ ಗೇಟಿನ ಬಳಿ ನಿಂತು, ನಾನು ಕಲಿಸಿದ ಕನ್ನಡದಲ್ಲೇ ಕೂಗುತ್ತಿದ್ದರು: “ಅಂಬಲಿಯವರು ಬಂದರಾ?” ಊರಿಗೆ ಹೋಗುವ ಮಾತು ನಾನು ಮತ್ತೆ ಎತ್ತಲಿಲ್ಲ.

ಕೆಲವು ವರ್ಷಗಳ ನಂತರ, ನಾವು ರಜೆಗೆ ಮೈಸೂರಿಗೆ ಹೋಗಿದ್ದಾಗ ಅಜ್ಜಿ ತೀರಿಕೊಂಡರು. ಮರಳಿ ಬರುವಷ್ಟರಲ್ಲಿ ಮನೆ ಖಾಲಿಯಾಗಿತ್ತು. ಯಾರ ಹತ್ತಿರ ಹೋಗಿ ದುಃಖ ಹೇಳಿಕೊಳ್ಳಬೇಕೋ ತಿಳಿಯಲಿಲ್ಲ...

ಈಗ ನೈರೋಬಿಯಲ್ಲೇ ಸೌತ್ ಬಿ ಎಂಬ ಬಡಾವಣೆಯಲ್ಲಿದ್ದೇವೆ. ಸುತ್ತ ನಮ್ಮವರೇ ಬೇಕಾದಷ್ಟು ಜನ. ಅಜ್ಜಿ ಎಂದು ಕರೆಯುವುದಕ್ಕೆ ಮಾತ್ರ ಈ ಊರಿನಲ್ಲಿ ನನಗೆ ಯಾರೂ ಇಲ್ಲ.