ಎಳೆದು ಹಿಡಿದ ಟೇಪು

ಭಾನುವಾರ ಅಂಗಡಿ ಮುಚ್ಚಿದ ಮೇಲೆ ದರ್ಜಿಯ ಬಟ್ಟೆ ಕತ್ತರಿಸುವ ಮೇಜೇ ರಣರಂಗ. ಹೆಬ್ಬೆರಳುದ್ದದ ಸೀಸದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಗೆಳೆಯರು ಮುನ್ನೂರು ವರ್ಷಗಳ ಹಿಂದಿನ ಯುದ್ಧಗಳನ್ನು ಮತ್ತೆ ಆಡುತ್ತಿದ್ದರು. ಯಾರ ದಂಡು ಎಷ್ಟು ದೂರ ಹೋಗಬಹುದೆಂದು ಅಳೆಯುವುದು ದರ್ಜಿಯ ಕೆಲಸ. ಅವನ ಟೇಪಿಗೆ ಎದುರಾಡುವವರೇ ಇರಲಿಲ್ಲ.

ಆ ದಿನ ಅವನ ಕುದುರೆದಂಡು ಹನ್ನೆರಡು ಇಂಚು ಓಡಬಹುದಿತ್ತು. ಕ್ಷೌರಿಕ ಗೆಳೆಯನ ಫಿರಂಗಿಗಳು ಇದ್ದದ್ದು ಹನ್ನೆರಡೂವರೆ ಇಂಚು ದೂರದಲ್ಲಿ; ದಂಡು ಮುಟ್ಟಿದರೆ ಅವು ದರ್ಜಿಯ ವಶ. ಹೊಟ್ಟೆ ಬಂದ ಗಿರಾಕಿಗಳ ಮನಸ್ಸು ನೋಯಬಾರದೆಂದು ಹಳೇ ಬಟ್ಟೆ ಟೇಪನ್ನು ಹಿಗ್ಗಿಸಿ ಸೊಂಟವನ್ನು ಕಡಿಮೆ ತೋರಿಸುತ್ತಿದ್ದ ಕೈ, ಇಲ್ಲೂ ಮೆಲ್ಲಗೆ ಎಳೆಯಿತು.

“ಹನ್ನೆರಡು!”

“ಏ, ಸರಿಯಾಗಿ ನೋಡೋ,” ಎಂದ ಇನ್ನೊಬ್ಬ ಗೆಳೆಯ, ಬಸ್ ಕಂಡಕ್ಟರ್.

“ಸುಮ್ನಿರೋ, ಅವ್ನು ಅಳೆದ್ಮೇಲೆ ಮುಗೀತು,” ಎಂದ ಕ್ಷೌರಿಕ. “ಹತ್ತು ವರ್ಷದಿಂದ ನನ್ ಸೊಂಟ ಮೂವತ್ನಾಲ್ಕೇ. ಒಂದ್ ದಿನಾನೂ ಪ್ಯಾಂಟು ಬಿಗಿಯಾಗಿಲ್ಲ!” ಎನ್ನುತ್ತಾ ಫಿರಂಗಿಗಳನ್ನು ತಾನೇ ಎತ್ತಿಕೊಟ್ಟ.

ಅದು ಮೂವತ್ತಾರೆಂದು, ಪ್ಯಾಂಟು ಹೊಲಿಯುತ್ತಿದ್ದದ್ದೂ ಆ ಅಳತೆಗೇ ಎಂದು ದರ್ಜಿಯೊಬ್ಬನಿಗೇ ಗೊತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಫಿರಂಗಿಗಳನ್ನು ವಾಪಸ್ ಇಟ್ಟು, ಮರದ ಸ್ಕೇಲನ್ನು ಕ್ಷೌರಿಕನ ಕೈಗಿತ್ತ.

“ನೀನೇ ಅಳೆಯಪ್ಪಾ. ನಾನು ಟೇಪು ಎಳ್ದಿದ್ದೆ.”

ಯಾರೂ ಬೈಯಲಿಲ್ಲ. ಕ್ಷೌರಿಕ ಮಾತ್ರ ನಿಧಾನವಾಗಿ ತನ್ನ ಸೊಂಟ ನೋಡಿಕೊಂಡ. ದರ್ಜಿ ತಲೆ ಎತ್ತಲಿಲ್ಲ.