ನನ್ನ ಕಡೆಯ ಮಾತು ಮಾತ್ರ

ರಿಸೆಷನ್ ಬಂದಿದೆಯೋ ಇಲ್ಲವೋ ಎಂದು ಸೂಟು ಹಾಕಿಕೊಂಡವರು ಟಿವಿಯಲ್ಲಿ ವಾದ ಮಾಡುತ್ತಿದ್ದ ಕಾಲ ಅದು. ಇಲಿನಾಯ್ ರಾಜ್ಯದ ಇಟಾಸ್ಕಾದ ನಮ್ಮ ಆಫೀಸಿನಲ್ಲಿ ವಾದಕ್ಕೆ ಅವಕಾಶ ಇರಲಿಲ್ಲ. ಮೊದಲೆಲ್ಲ ಸ್ವಲ್ಪ ತಡವಾದರೂ ಕಾರನ್ನು ಪಾರ್ಕಿಂಗ್ ಲಾಟಿನ ತುದಿಯಲ್ಲಿ ನಿಲ್ಲಿಸಿ ನಡೆದು ಬರಬೇಕಿತ್ತು. ಈಗ ಎಷ್ಟು ತಡವಾಗಿ ಹೋದರೂ ಬಾಗಿಲ ಎದುರೇ ಜಾಗ ಸಿಗುತ್ತಿತ್ತು.

ನನ್ನ ಗಂಡನ ಕಾಂಟ್ರಾಕ್ಟ್ ಆಗಲೇ ಮುಗಿದಿತ್ತು. ಅವರ ಬೆನ್ನಿನ ಆಪರೇಷನ್‌ಗೆ ಮುಂದಿನ ತಿಂಗಳು ದಿನ ಗೊತ್ತಾಗಿತ್ತು. ಇನ್ಶೂರೆನ್ಸ್ ಇದ್ದದ್ದು ನನ್ನ ಕೆಲಸದಿಂದ. ಕಂಪನಿಯೇ ನನ್ನನ್ನು ತೆಗೆದರೆ ಅದು ಇನ್ನೂ ಕೆಲವು ತಿಂಗಳು ಮುಂದುವರಿಯುತ್ತದೆ. ನಾನೇ ಕೆಲಸ ಬಿಟ್ಟರೆ ಈ ತಿಂಗಳ ಕೊನೆಗೆ ನಿಲ್ಲುತ್ತದೆ. ಹಾಗಾಗಿ ಕೆಲಸ ಉಳಿಯಲಿ ಎಂದು ಆಸೆಪಡುವುದನ್ನು ಬಿಟ್ಟು, ಮರ್ಯಾದೆಯಾಗಿ ತೆಗೆದುಹಾಕಲಿ ಎಂದು ಆಸೆಪಡುವ ಮಟ್ಟಕ್ಕೆ ನಾವಿಬ್ಬರೂ ಬಂದಿದ್ದೆವು.

ಶುಕ್ರವಾರ ಎಚ್‌ಆರ್‌ನ ಹೆಂಗಸೊಬ್ಬರಿಂದ ಫೋನ್ ಬರುತ್ತದೆ ಎಂದು ತಿಳಿದಾಗ ಮಿಶಿಗನ್ ರಾಜ್ಯದ ನೋವೈನಲ್ಲಿರುವ ಅಕ್ಕನಿಗೆ ಹೇಳಿದೆ. ಫೋನನ್ನು ಭಾವ ಕಿತ್ತುಕೊಂಡರು. ಅವರು ಧಾರವಾಡದವರು, ಕಾರು ಕಂಪನಿಯಲ್ಲಿ ಎಂಜಿನಿಯರ್.

“ರೆಕಾರ್ಡ್ ಮಾಡ್ಕೋಬೇಕವಾ. ನಾಳೆ ಆಕಿ ನಾ ಹಂಗ ಅಂದೇ ಇಲ್ಲ ಅಂದ್ರ ಏನ್ ಮಾಡ್ತಿ?”

“ಇಲಿನಾಯ್‌ನಲ್ಲಿ ಹಾಗೆ ಮಾಡೋ ಹಾಗಿಲ್ಲ ಭಾವ. ಇಬ್ರೂ ಒಪ್ಪಬೇಕಂತೆ.”

“ಹಂಗಾರ ಇಲ್ಲೇ ಬಾ. ಮಿಶಿಗನ್ನಾಗ ಮಾತಾಡೋ ಇಬ್ಬರೊಳಗ ಒಬ್ರಿಗೆ ಗೊತ್ತಿದ್ರ ಸಾಕಂತ. ನಿನಗ ಗೊತ್ತಿರ್ತದಲ್ಲ?”

“ಆದ್ರೆ ಆಯಮ್ಮ ಇಲಿನಾಯ್‌ನಲ್ಲೇ ಕೂತಿರ್ತಾರಲ್ಲ?”

“ಅದನ್ನೆಲ್ಲಾ ಯಾರನ್ನೂ ಕೇಳಬ್ಯಾಡ.”

ಹೀಗೆ ಕಾನೂನನ್ನು ಗೌರವಿಸುವ ಸಲುವಾಗಿ ವೆಸ್ಟ್‌ಮಂಟ್‌ನ ನಮ್ಮ ಮನೆಯಿಂದ ನೋವೈವರೆಗೆ ಡ್ರೈವ್ ಮಾಡಿದೆ. ಗಂಡ ಪಕ್ಕದಲ್ಲಿ ಸೊಂಟಕ್ಕೆ ದಿಂಬು ಕೊಟ್ಟುಕೊಂಡು, ರಸ್ತೆಯ ಪ್ರತಿ ಕುಳಿಗೂ ಹಲ್ಲು ಕಚ್ಚಿ ಕೂತಿದ್ದರು.

ಕಾಲ್ ರೆಕಾರ್ಡ್ ಮಾಡುವ ಆ್ಯಪ್ ಹಾಕಿಕೊಟ್ಟವರು ಭಾವನೇ. ಅದು ಮೈಕಿಗೆ ಅನುಮತಿ ಕೇಳಿತು, ಕೊಟ್ಟೆ. ಕಾಂಟ್ಯಾಕ್ಟ್ಸ್ ಕೇಳಿತು, ಫೋಟೋ ಕೇಳಿತು, ನಾನು ಎಲ್ಲಿದ್ದೇನೆ ಎಂಬುದನ್ನೂ ಕೇಳಿತು, ಎಲ್ಲವನ್ನೂ ಕೊಟ್ಟೆ. ಧ್ವನಿ ಹಿಡಿಯುವ ಆ್ಯಪ್‌ಗೆ ಕಳೆದ ವರ್ಷದ ಗಣಪತಿ ಹಬ್ಬದ ಫೋಟೋಗಳು ಏಕೆ ಬೇಕು ಎಂದು ಕೇಳಲು ಯಾರೂ ಸಿಗಲಿಲ್ಲ. ಆಮೇಲೆ ಪರೀಕ್ಷೆ ನಡೆಯಿತು. ಭಾವ ಮಹಡಿ ಮೇಲೆ ಹೋಗಿ ನನಗೆ ಫೋನ್ ಮಾಡಿ, “ಹಲೋ, ಕೇಳಸ್ತದೇನು?” ಎಂದರು. ರೆಕಾರ್ಡಿಂಗ್‌ನಲ್ಲಿ ಇಬ್ಬರ ಮಾತೂ ಸ್ಪಷ್ಟವಾಗಿ ಬಂದಿತ್ತು. ಭಾವನ ದನಿ ಮಹಡಿ ಇಳಿದು ಹಾಲ್ ದಾಟಿ ಬರಲು ಫೋನಿನ ಸಹಾಯ ಬೇಕಾಗಿಲ್ಲ ಎಂಬುದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

“ಪಾಸಾತು,” ಎಂದು ಅವರು ಕೆಳಗಿಳಿದು ಬಂದರು.

“ಸುಮ್ನಿರಿ, ಅವಳನ್ನ ಜೈಲಿಗೆ ಕಳಿಸೋವರೆಗೂ ನಿಮಗೆ ಸಮಾಧಾನ ಇಲ್ಲ,” ಎಂದಳು ಅಕ್ಕ ಅಡುಗೆಮನೆಯಿಂದ.

ಎಚ್‌ಆರ್‌ನ ಆ ಹೆಂಗಸಿನ ದನಿ ಮೃದುವಾಗಿತ್ತು. ನಮ್ಮ ಕಡೆಯಿಂದ ಈ ಕಾಲ್ ರೆಕಾರ್ಡ್ ಆಗುತ್ತಿದೆ, ನಿಮ್ಮ ಆಕ್ಷೇಪಣೆ ಇಲ್ಲ ತಾನೆ ಎಂದರು. ಇಲ್ಲ ಎಂದೆ. ನೀವು ಸ್ಪೀಕರ್‌ನಲ್ಲಿ ಇಟ್ಟಿದ್ದೀರಾ, ಪ್ರತಿಧ್ವನಿ ಬರುತ್ತಿದೆ ಎಂದರು. ಹೌದು ಎಂದೆ. ಇದು ನಿಮ್ಮ ಖಾಸಗಿ ವಿಷಯ, ನಿಮ್ಮ ಹಿತಕ್ಕಾಗಿಯೇ ಹೇಳುತ್ತಿದ್ದೇನೆ, ಸ್ಪೀಕರ್ ತೆಗೆಯಿರಿ ಎಂದರು. ತೆಗೆದೆ. ಆಗ ಭಾವ ಆ್ಯಪ್ ಶುರುಮಾಡಿ, ಅದರ ಕೆಂಪು ಚುಕ್ಕಿ ಮಿನುಗುತ್ತಿದೆ ಎಂದು ಹೆಬ್ಬೆರಳು ಎತ್ತಿ ತೋರಿಸಿದ ಮೇಲೆ ಫೋನನ್ನು ಕಿವಿಗೆ ಇಟ್ಟುಕೊಂಡೆ.

ಕಾಲ್ ಮುಗಿದ ಮೇಲೆ ನಾಲ್ವರೂ ಊಟದ ಮೇಜಿನ ಸುತ್ತ ಕೂತು ಕೇಳಿದೆವು. ಮೊದಲು ನನ್ನ ಉಸಿರು. ಆಮೇಲೆ ನಾನು: “ಯೆಸ್.” ಮೌನ. “ಯೆಸ್, ಯೆಸ್.” ದೀರ್ಘ ಮೌನ, ಅಕ್ಕನ ಕುಕ್ಕರಿನ ಸೀಟಿ. “ಶೂರ್.” ಮೌನ. “ಓಕೆ. ಯೆಸ್. ಥ್ಯಾಂಕ್ ಯೂ ಸೋ ಮಚ್.”

“ಆಕಿ ಎಲ್ಲಿ?” ಎಂದರು ಭಾವ.

ಆಕೆ ಎಲ್ಲೂ ಇರಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು: ಫೋನ್ ತಯಾರಿಸಿದವರು ಜನರ ಖಾಸಗಿತನ ಕಾಪಾಡಲು ಇಂಥ ಆ್ಯಪ್‌ಗಳ ಕಿವಿ ಮುಚ್ಚಿದ್ದರು. ಆ ತುದಿಯ ಮಾತು ಅವಕ್ಕೆ ಕೇಳುವುದೇ ಇಲ್ಲ. ಕೇಳುವುದು ಫೋನ್ ಹಿಡಿದವರ ಮಾತು ಮಾತ್ರ. ನನ್ನಿಂದ ಆಕೆಯ ಖಾಸಗಿತನಕ್ಕೆ ಪೂರ್ತಿ ರಕ್ಷಣೆ ಸಿಕ್ಕಿತ್ತು.

ಗಂಡ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. “ಯಾಕೆ ಅಷ್ಟು ಸಲ ಯೆಸ್ ಅಂದೆ?”

“ಕೇಳಿಸ್ಕೊತಿದೀನಿ ಅಂತ ಗೊತ್ತಾಗ್ಲಿ ಅಂತ. ಹೂಂ ಅಂತೀವಲ್ಲ, ಹಾಗೆ.”

“ಅವರ ಊರಲ್ಲಿ ಯೆಸ್ ಅಂದ್ರೆ ಒಪ್ಕೊಂಡೆ ಅಂತ.”

ಸಂಜೆ ಬಂದ ಇಮೇಲ್ ಅದನ್ನೇ ಹೇಳಿತು. ನೀವು ಫೋನಿನಲ್ಲಿ ಒಪ್ಪಿದಂತೆ, ಸ್ವಇಚ್ಛೆಯಿಂದ ಕೆಲಸ ಬಿಡುವ ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ. ನಾನು ಎರಡು ಸಲ ಓದಿದೆ. ‘ಇದನ್ನು ಇಬ್ಬರೂ ಸೇರಿ ತೆಗೆದುಕೊಂಡ ನಿರ್ಧಾರ ಎನ್ನಬಹುದಲ್ಲವೇ’ ಎಂದು ಆಕೆ ಎಲ್ಲೋ ಮಧ್ಯದಲ್ಲಿ ಕೇಳಿದ್ದು ನೆನಪಿಗೆ ಬಂತು. ಬಹುಶಃ ಕುಕ್ಕರ್ ಕೂಗಿದ ಹೊತ್ತಿಗೆ. ಉತ್ತರ ಟೈಪ್ ಮಾಡಿದವಳು ಅಕ್ಕ: ನಿಮ್ಮ ಬಳಿ ಇರುವ ರೆಕಾರ್ಡಿಂಗ್ ಕಳಿಸಿ.

ಸೋಮವಾರ ಉತ್ತರ ಬಂತು. ಕಾಲ್‌ನಲ್ಲಿ ಭಾಗವಹಿಸಿದವರ ಖಾಸಗಿತನದ ದೃಷ್ಟಿಯಿಂದ ರೆಕಾರ್ಡಿಂಗ್ ಹಂಚಿಕೊಳ್ಳಲಾಗುವುದಿಲ್ಲ. ಕಾಲ್‌ನಲ್ಲಿ ಭಾಗವಹಿಸಿದವರು ಆಕೆ ಮತ್ತು ನಾನು.

ಆ ಹೊತ್ತಿಗೆ ವೆಸ್ಟ್‌ಮಂಟ್‌ಗೆ ಮರಳಿದ್ದೆವು. ನಾನೇ ಫೋನ್ ಮಾಡಿದೆ. ಆಕೆ ಮತ್ತೆ ಮೃದುವಾಗಿ ಶುರುಮಾಡಿದರು. ತುಟಿ ಬಿಗಿಹಿಡಿದು ಕೂತೆ. ನನ್ನ ತಲೆ ತಾನಾಗಿಯೇ ಆಡುತ್ತಿತ್ತು, ಅದು ಫೋನಿನಲ್ಲಿ ಕೇಳಿಸುವುದಿಲ್ಲ ಎಂದು ಬಿಟ್ಟೆ. ಎರಡು ವಾಕ್ಯಕ್ಕೊಮ್ಮೆ ಆಕೆ, ಇದ್ದೀರಾ, ಲೈನ್ ಕಟ್ಟಾಯಿತೇ ಎಂದು ಕೇಳತೊಡಗಿದರು. ಇದ್ದೇನೆ ಎಂದಷ್ಟೇ ಹೇಳಿದೆ. ಮೌನ ಬೆಳೆದಂತೆ ಆಕೆಯ ಮಾತಿನ ಮೃದುತನ ಕಡಿಮೆಯಾಗುತ್ತ ಹೋಯಿತು.

ಕೊನೆಗೆ, ಬರೆದಿಟ್ಟುಕೊಂಡದ್ದನ್ನು ಓದಿದೆ. “ನಾನು ರಾಜೀನಾಮೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನನ್ನನ್ನು ತೆಗೆಯುವುದಾದರೆ ನೀವು ತೆಗೆಯಬೇಕು. ಈ ಕಾಲ್ ಅನ್ನು ನಾನೂ ರೆಕಾರ್ಡ್ ಮಾಡಲೇ? ನಿಮ್ಮ ಒಪ್ಪಿಗೆ ಇದೆಯೇ?”

ಫೋನಿನಲ್ಲಿ ಅದೇ ಆ್ಯಪ್ ಇತ್ತು. ಆಕೆ ಒಪ್ಪಿದ್ದರೂ ಅದು ಹಿಡಿಯುತ್ತಿದ್ದುದು ನನ್ನ ಮಾತನ್ನು ಮಾತ್ರ. ಆದರೆ ಅದು ಆಕೆಗೆ ಗೊತ್ತಿರಲಿಲ್ಲ. ಲೀಗಲ್‌ನವರನ್ನು ಕೇಳಿ ತಿಳಿಸುತ್ತೇನೆ ಎಂದು ಆಕೆ ಫೋನ್ ಇಟ್ಟರು.

ಮರುದಿನ ಹೊಸ ಇಮೇಲ್. ಹಿಂದಿನ ಸಂದೇಶದಲ್ಲಿ ತಪ್ಪು ತಿಳಿವಳಿಕೆ ಆಗಿತ್ತು, ಕಂಪನಿಯ ಅಗತ್ಯಗಳಿಂದಾಗಿ ನಿಮ್ಮ ಹುದ್ದೆಯನ್ನು ರದ್ದುಮಾಡಲಾಗಿದೆ, ಇನ್ಶೂರೆನ್ಸ್ ನಿಯಮದಂತೆ ಮುಂದುವರಿಯುತ್ತದೆ.

ಭಾವನಿಗೆ ಫೋನ್ ಮಾಡಿದೆ. “ತೆಗದ್ರೇನು?” ಎಂದರು. “ತೆಗೆದ್ರು.” “ಭಾಳ ಛಲೋ ಆತು ನೋಡು,” ಎಂದವರು ಅಕ್ಕನನ್ನು ಕೂಗಿ, “ಏ, ನಿನ್ನ ತಂಗೀನ ಹೊರಗ ಹಾಕಿದ್ರಂತ, ಕೇಸರಿಬಾತ್ ಮಾಡು,” ಎಂದರು. ಅಕ್ಕ ಹಿಂದಿನಿಂದ ಏನೋ ಬೈದದ್ದು ಕೇಳಿಸಿತು.

ಗಂಡ ಕಾರ್ಪೆಟ್ ಮೇಲೆ ಅಂಗಾತ ಮಲಗಿದ್ದರು. ಆ ದಿನಗಳಲ್ಲಿ ಅವರ ಬೆನ್ನಿಗೆ ಸಹಿಸಲಾಗುತ್ತಿದ್ದ ಜಾಗ ಅದೊಂದೇ. ಪಕ್ಕದಲ್ಲಿ ಕೂತು ಇಮೇಲ್ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

“ರದ್ದುಮಾಡಲಾಗಿದೆ ಅಂತಿದೆಯಲ್ಲ, ಆ ಸಾಲು ಇನ್ನೊಂದ್ಸಲ ಓದು,” ಎಂದರು.

ಓದಿದೆ.