ತಾಮ್ರಕ್ಕೆ ಮೈಲಿಗೆ ಇಲ್ಲ

ಕಾಕಾನ ಶೆಂಡಿ ಉದುರಲು ಶುರುವಾದದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಶೆಂಡಿ ಎಂದರೆ ನಮ್ಮ ಕಡೆ ಜುಟ್ಟು. ಉಳಿದವರ ಕೂದಲು ಉದುರಿದರೆ ಅದು ವಯಸ್ಸು, ಪುರೋಹಿತನ ಶೆಂಡಿ ಉದುರಿದರೆ ಅದು ಧರ್ಮಕ್ಕೆ ಬಂದ ಹಾನಿ. ನನ್ನ ಅಪ್ಪನ ತಮ್ಮನಾದ ಕಾಕಾ ಕಮಲಾಪುರದಲ್ಲಿದ್ದುಕೊಂಡು ಕಲಬುರಗಿಯ ತನಕ ಪೌರೋಹಿತ್ಯ ಮಾಡುತ್ತಿದ್ದ. ಸೇಡಂ ರಸ್ತೆಯ ಬದಿಗೆ ಆಗ ಹೊಸ ಹೊಸ ಲೇಔಟುಗಳು ಏಳುತ್ತಿದ್ದವು. ವಾರಕ್ಕೊಂದು ಗೃಹಪ್ರವೇಶ, ಗೃಹಪ್ರವೇಶಕ್ಕೊಂದು ವಿಡಿಯೋ. ಒಂದು ಮನೆಯ ಯಜಮಾನ ಕ್ಯಾಸೆಟ್ ಹಾಕಿ ತೋರಿಸಿದಾಗ ಕಾಕಾ ತನ್ನ ನೆತ್ತಿಯನ್ನು ಮೊದಲ ಸಲ ಹಿಂದಿನಿಂದ ನೋಡಿದ. ಹೋಮದ ಬೆಂಕಿಗಿಂತ ಅದೇ ಹೆಚ್ಚು ಹೊಳೆಯುತ್ತಿತ್ತಂತೆ. ಅದರ ನಡುವೆ ಶೆಂಡಿ ಇಲಿಯ ಬಾಲದ ಹಾಗೆ ನೇತಾಡುತ್ತಿತ್ತಂತೆ. "ಲೈಟ್ ಜಾಸ್ತಿ ಬಿದ್ದದರಿ ಗುರುಗಳ" ಎಂದು ಯಜಮಾನ ಸಮಾಧಾನ ಹೇಳಿದನಂತೆ. ಅಂದು ಕಾಕಾ ಆ ಮನೆಯ ಹೋಳಿಗೆಯನ್ನೂ ಸರಿಯಾಗಿ ತಿನ್ನಲಿಲ್ಲ. ಹೋಳಿಗೆ ಬಿಟ್ಟನೆಂದರೆ ದುಃಖ ಸಣ್ಣದಲ್ಲವೆಂದು ನಮಗೆಲ್ಲ ಗೊತ್ತಾಯಿತು.

ನಾನು ಆಗ ಕಲಬುರಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ರವಿವಾರ ಬಂದರೆ ಕಮಲಾಪುರದ ಬಸ್ಸು ಹತ್ತುತ್ತಿದ್ದೆ. ಕಾಕಾನ ಪ್ರವಚನ ಕೇಳಲಿಕ್ಕಲ್ಲ, ಅತ್ಯಾಳನ್ನು ನೋಡಲಿಕ್ಕೆ. ಅತ್ಯಾ ಅಪ್ಪನಿಗೂ ಕಾಕಾನಿಗೂ ಹಿರಿಯ ಅಕ್ಕ. ಹರೆಯಕ್ಕೆ ಕಾಲಿಡುವ ಹೊತ್ತಿಗೇ ಗಂಡ ಸತ್ತು ತವರಿಗೆ ಬಂದವಳು. ಬಂದ ಕೂಡಲೇ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಆಮೇಲೆ ತಿಂಗಳಿಗೊಮ್ಮೆ ಹಿತ್ತಲಲ್ಲಿ ಕೂತು ಕ್ಷೌರ. ಓಣಿಯಲ್ಲಿ ಮೊದಲು ಅಂಥವರು ಹಲವರಿದ್ದರು. ಒಬ್ಬೊಬ್ಬರಾಗಿ ತೀರಿಕೊಂಡು ಈಗ ಅವಳೊಬ್ಬಳೇ ಉಳಿದಿದ್ದಳು.

ಈಚಿನ ವಿಧವೆಯರು ಜಡೆ ಹಾಕಿಕೊಂಡು ಬ್ಯಾಂಕಿನ ನೌಕರಿಗೆ ಹೋದರೂ ಯಾರೂ ಚಕಾರ ಎತ್ತುತ್ತಿರಲಿಲ್ಲ. ಅತ್ಯಾಳ ವಿಷಯ ಮಾತ್ರ ಬೇರೆ, ಏಕೆಂದರೆ ಅವಳು ದೇವರ ಅಡಿಗೆ ಮಾಡುವವಳು. ಕಾಕಾನ ಹೆಂಡತಿ ಕಾಕು ತೀರಿಕೊಂಡ ಮೇಲಂತೂ ಆ ಮನೆಯ ಒಲೆ ಪೂರ್ತಿ ಅವಳದೇ. ತಲೆಯಲ್ಲಿ ಕೂದಲಿರುವ ವಿಧವೆ ಬೇಯಿಸಿದ್ದು ನೈವೇದ್ಯಕ್ಕೆ ನಡೆಯುವುದಿಲ್ಲ ಎಂಬುದು ಕಾಕಾನ ಸಿದ್ಧಾಂತ. ಒಲೆ ಬೇಕಾದರೆ ತಲೆ ಬೋಳಾಗಬೇಕು. ಒಲೆ ಬಿಟ್ಟರೆ ಅತ್ಯಾಗೆ ಆ ಮನೆಯಲ್ಲಿ ತನ್ನದು ಎನ್ನಲು ಬೇರೇನೂ ಇರಲಿಲ್ಲ. ಆ ಸಂಗತಿ ನೆನೆದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೀಗಾಗಿ ಒಂದೇ ಮನೆಯಲ್ಲಿ ಒಂದು ತಲೆಯ ಕೂದಲು ಬೀಳುತ್ತದೆ ಎಂದು ಗೋಳು, ಇನ್ನೊಂದು ತಲೆಯದು ಬೆಳೆಯುತ್ತದೆ ಎಂದು ಗೋಳು. ಎರಡಕ್ಕೂ ಶಾಸ್ತ್ರವೇ ಆಧಾರ. ಈ ಮಾತನ್ನು ಒಮ್ಮೆ ಗಟ್ಟಿಯಾಗಿ ಆಡಿದ್ದಕ್ಕೆ "ನಾಲಿಗಿ ಭಾಳ ಉದ್ದ ಆಗ್ಯದ ನಿಂದು, ಹುಡುಗಿ" ಎಂದು ಕಾಕಾನಿಂದ ಬೈಸಿಕೊಂಡಿದ್ದೆ.

ಕಾಕಾ ಭೃಂಗರಾಜ ಹಚ್ಚಿದ, ದಾಸವಾಳದ ಸೊಪ್ಪು ಅರೆದು ಮೆತ್ತಿಕೊಂಡ, ಈರುಳ್ಳಿಯ ರಸ ಮಾತ್ರ ಮಡಿಗೆ ಆಗದೆಂದು ಬಿಟ್ಟ. ಕೊನೆಗೆ ಕಲಬುರಗಿಯ ಜಗತ್ ಬಡಾವಣೆಯಲ್ಲಿ ಅತ್ತರದ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರು ಅವನ ಕಷ್ಟ ಕೇಳಿ ಒಂದು ಸಣ್ಣ ಬಾಟಲಿ ತೆಗೆದುಕೊಟ್ಟರು. ಅವರ ಭಾವಮೈದುನ ದುಬೈಯಿಂದ ತಂದ ಮಾಲು. "ತಾಂಬೇಕಾ ಹೈ ಪಂಡಿತ್‌ಜೀ. ಬಾಲಾಂ ಭೀ ಆತೇ, ಜಖಂ ಭೀ ಭರ್ತಾ. ಏಕ್‌ದಂ ಪಾಕ್ ಚೀಜ್" ಎಂದರಂತೆ. ತಾಮ್ರದ್ದು, ಕೂದಲು ಬರುತ್ತದೆ, ಗಾಯ ಮಾಯುತ್ತದೆ, ಪರಮ ಶುದ್ಧ. ನಮ್ಮ ಕಾಕಾನ ಮಡಿಗೆ ಮೊದಲ ಸರ್ಟಿಫಿಕೇಟು ಕೊಟ್ಟವರು ಹೀಗೆ ಅತ್ತರದ ಸಾಹೇಬರು.

ಎರಡನೆಯದಕ್ಕೆ ಅವನು ನೇರ ನನ್ನ ಮನೆಗೆ ಬಂದ. ಬಾಟಲಿಯಲ್ಲಿ ತಿಳಿನೀಲಿ ದ್ರವ. ಚೀಟಿಯ ಮೇಲೆ ಕಾಪರ್ ಪೆಪ್ಟೈಡ್ ಎಂದಿತ್ತು.

"ತಾಮ್ರ ಅದನೋ ಇಲ್ಲೋ, ಅಷ್ಟ ಹೇಳು" ಎಂದ.

"ಅದ ಕಾಕಾ. ಪ್ರೋಟೀನಿನ ಸಣ್ಣ ತುಣುಕಿಗೆ ತಾಮ್ರ ಕೂಡಿಸಿರ್ತಾರ. ಅದಕ್ಕ ನೀಲಿ ಬಣ್ಣ."

"ಪ್ರೋಟೀನಾ? ತತ್ತಿಯೊಳಗ ಇರ್ತದಂತಲ್ಲ, ಅದಾ?" ಕಾಕಾ ಬಾಟಲಿಯನ್ನು ಟೇಬಲ್ಲಿನ ಮೇಲೆ ಇಟ್ಟುಬಿಟ್ಟ.

"ತೊಗರಿಬ್ಯಾಳ್ಯಾಗೂ ಇರ್ತದ."

ಅವನ ಮುಖ ಅರಳಿತು. ನಮ್ಮ ಸೀಮೆಯವನಿಗೆ ತೊಗರಿಬೇಳೆಯ ಹೆಸರು ಹೇಳಿದ ಮೇಲೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. "ಮುಗೀತಲ್ಲ! ಬ್ಯಾಳಿ ಮಡಿ, ತಾಮ್ರ ಮಡಿ. ತಾಮ್ರಕ್ಕ ಮೈಲಿಗಿ ಅನ್ನೂದೇ ಇಲ್ಲ. ಬಣ್ಣ ನೋಡು, ಸಾಕ್ಷಾತ್ ಕೃಷ್ಣ!" ಎಂದು ಬಾಟಲಿಯನ್ನು ಕಣ್ಣಿಗೆ ಒತ್ತಿಕೊಂಡ. ಚರ್ಮದ ಗಾಯಕ್ಕೆ ಇದು ಅಷ್ಟಿಷ್ಟು ಉಪಯೋಗ ಆದೀತು, ಬೋಳು ನೆತ್ತಿಯಲ್ಲಿ ಬೆಳೆ ತೆಗೆಯುತ್ತದೆಂಬ ಭರವಸೆ ನನಗಿಲ್ಲ ಎಂದು ನಾನು ಹೇಳುವುದರೊಳಗೆ ಅವನು ಚಪ್ಪಲಿ ಮೆಟ್ಟಿಕೊಂಡಿದ್ದ.

ಅಂದಿನಿಂದ ಬಾಟಲಿ ದೇವರ ಮನೆಯಲ್ಲಿ ಪಂಚಪಾತ್ರೆಯ ಮಗ್ಗುಲಿಗೇ ಕೂತಿತು. ಸ್ನಾನ, ಸಂಧ್ಯಾವಂದನೆ, ಆಮೇಲೆ ನೀಲಿ ಔಷಧ. ಊರಿನ ಇನ್ನೊಬ್ಬ ಭಟ್ಟರು ಬಂದವರು, ಪರದೇಶದ ಎಣ್ಣೆ ಹಚ್ಚಿದ ಶೆಂಡಿಗೆ ಗಂಟು ಹಾಕಿ ಸಂಕಲ್ಪ ಮಾಡಿದರೆ ಫಲ ಬಂದೀತೇ ಎಂದು ಕೆಣಕಿದರು. ಕಾಕಾ ಪಡಸಾಲೆಯಲ್ಲಿ ಎದ್ದು ನಿಂತೇ ಉತ್ತರ ಕೊಟ್ಟ. "ತಾಮ್ರದಿಂದ ಹುಟ್ಟಿದ್ದು ತಾಮ್ರದಷ್ಟೇ ಶುದ್ಧರಿ. ಈ ಔಷಧದಿಂದ ಬಂದ ಕೂದಲಾ ಮಡಿ ಕೂದಲಾ! ಯಾರ ಬೇಕಾದ್ರೂ ಬರ್ರಿ, ವಾದ ಮಾಡ್ತೇನಿ." ಒಳಗೆ ಅತ್ಯಾ ಹುಳಿಗೆ ಒಗ್ಗರಣೆ ಕೊಡುತ್ತಿದ್ದಳು. ಭಟ್ಟರು ಆ ಹುಳಿಯನ್ನೇ ಎರಡು ಸಲ ಹಾಕಿಸಿಕೊಂಡು ವಾದ ಮರೆತು ಹೋದರು.

ಆ ಮಳೆಗಾಲಕ್ಕೆ ಅತ್ಯಾಳ ನೆತ್ತಿಯಲ್ಲಿ ಗಾಯವಾಯಿತು. ಕ್ಷೌರ ಮಾಡುತ್ತಿದ್ದ ಮುದುಕನಿಗೂ ವಯಸ್ಸಾಗಿ ಕೈ ನಡುಗುತ್ತಿತ್ತು. ಕತ್ತಿ ತಾಗಿದ ಜಾಗ ಕೀವು ತುಂಬಿತು. ಸೆರಗು ತಾಗಿದರೂ ಅವಳು ಹಲ್ಲು ಕಚ್ಚುತ್ತಿದ್ದಳು. ಕಮಲಾಪುರದ ಡಾಕ್ಟರು ಮಾತ್ರೆ ಕೊಟ್ಟು, ಗಾಯ ಪೂರ್ತಿ ಒಣಗುವ ತನಕ ಕತ್ತಿ ಮುಟ್ಟಿಸಬೇಡಿ ಎಂದರು. ಕೀವು ನಿಂತ ಮೇಲೆ, ಇದನ್ನು ಹಚ್ಚಬಹುದೇ ಎಂದು ನಾನೇ ಅವರಿಗೆ ಕಾಕಾನ ಬಾಟಲಿ ತೋರಿಸಿದೆ. ಅಡ್ಡಿಯಿಲ್ಲ ಎಂದರು. ಅಡ್ಡಿ ಇದ್ದದ್ದು ಕಾಕಾನಿಗೆ. "ಗಾಯದ ಮ್ಯಾಲಷ್ಟ ಹಚ್ಚು, ಆಕಡೆ ಈಕಡೆ ಹರೀಬಾರದು" ಎಂದು ಉದ್ಧರಣೆಯಿಂದ ತೀರ್ಥ ಕೊಟ್ಟಂತೆ ಒಂದೊಂದೇ ಹನಿ ಕೊಡುತ್ತಿದ್ದ.

ಗಾಯ ಮಾಯಿತು. ಅದಕ್ಕೆ ಮಾತ್ರೆ ಎಷ್ಟು ಕಾರಣ, ತಾಮ್ರ ಎಷ್ಟು ಕಾರಣ, ಕತ್ತಿ ಬಾರದ್ದು ಎಷ್ಟು ಕಾರಣ, ನಾನು ಹೇಳಲಾರೆ. ಆದರೆ ಅಷ್ಟರಲ್ಲಿ ಅತ್ಯಾಳ ತಲೆಯ ತುಂಬ ಬೆಳ್ಳಗೆ, ಮೃದುವಾಗಿ, ಹತ್ತಿಯಂಥ ಕೂದಲು ಎದ್ದಿತ್ತು. ಕಾಕಾನ ನೆತ್ತಿ ಮಾತ್ರ ಇದ್ದ ಹಾಗೇ ಇತ್ತು. ಅಕ್ಕನ ತಲೆ ನೋಡಿ ಅವನಿಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ಆನಂದವಾಯಿತು. "ನೋಡು, ಅಕ್ಕನ ತಲೀಗೆ ಹ್ಯಾಂಗ ಹತ್ಯದ! ನಾಕ ಹನಿಗೇ ಇಷ್ಟ ಬಂದಾವ! ಔಷಧ ಖರೇ ಅದ, ನನಗ ಸ್ವಲ್ಪ ತಡ ಆಗ್ಲಿಕತ್ತದ ಅಷ್ಟ" ಎಂದು ಬಂದವರಿಗೆಲ್ಲ ಹೇಳತೊಡಗಿದ. ಕತ್ತಿ ಆಡದ ತಲೆಯಲ್ಲಿ ಕೂದಲು ಬರುತ್ತದೆಂಬುದು ಆ ಪಂಡಿತನಿಗೆ ಹೊಳೆಯಲೇ ಇಲ್ಲ. ಮಣ್ಣಿನ ಗೊಂಬೆಯಂತೆ ಅವಳ ತಲೆ ಹುಟ್ಟಾ ಬೋಳು ಎಂದೇ ಅವನು ತಿಳಿದಂತಿತ್ತು.

ಒಂದು ರವಿವಾರ ಕ್ಷೌರದ ಮುದುಕ ಹಿತ್ತಲಿಗೆ ಬಂದ. ಕಾಕಾ ಅವನಿಗೂ ತಾಮ್ರದ ಪ್ರತಾಪ ವರ್ಣಿಸಿದ. ಅವನು "ಖರೇರಿ ಅಪ್ಪಾರ" ಎಂದು ಚೀಲ ಬಿಚ್ಚಿ, "ಗಾಯ ಮಾಯ್ದದರಿ ಅಕ್ಕಾರ, ತಲೀಗಿ ನೀರ ಹಚ್ಕೋರಿ" ಎಂದ.

ಅತ್ಯಾ ಬಾಗಿಲಲ್ಲೇ ನಿಂತಳು. "ತಮ್ಮಾ, ಈ ಕೂದಲಾ ಎದರಿಂದ ಬಂದಾವ?"

"ತಾಮ್ರದಿಂದ" ಎಂದ ಕಾಕಾ, ಹೆಮ್ಮೆಯಿಂದಲೇ.

"ತಾಮ್ರದಿಂದ ಬಂದದ್ದು ಮಡಿಯೋ, ಮೈಲಿಗಿಯೋ?"

ಕಾಕಾ ಶೆಂಡಿಯ ಗಂಟು ಬಿಚ್ಚಿ ಮತ್ತೆ ಕಟ್ಟಿಕೊಂಡ.

"ಮಡಿ ಅಂತ ಭಟ್ಟರ ಮುಂದ ನೀನ ಹೇಳಿದಿ. ಮಡಿ ಕೂದಲಾ ಯಾಕ ತಗಸಬೇಕು? ನಾ ತಗಸಂಗಿಲ್ಲ. ಒಲೀನೂ ಬಿಡಂಗಿಲ್ಲ."

ಅವಳ ದನಿ ಏರಿರಲಿಲ್ಲ. ಕಾಕಾ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದ. ಇವು ಬರೀ ಕೂದಲು ಎಂದರೆ ಬಾಟಲಿಯಲ್ಲಿದ್ದದ್ದು ಬರೀ ನೀಲಿ ನೀರು, ಶೆಂಡಿಯ ಆಸೆಗೆ ಎಳ್ಳುನೀರು. ಔಷಧ ಖರೆ ಎಂದರೆ ಅಕ್ಕನ ಕೂದಲು ಮಡಿ. ಅವನು ನನ್ನ ಕಡೆ ತಿರುಗಿದ. "ನೀ ಕಲಿತಾಕಿ ಇದ್ದಿ. ನೀನ ಹೇಳು, ಔಷಧದಿಂದನ ಬಂದಾವೇನು?"

ಅತ್ಯಾ ನನ್ನನ್ನೇ ನೋಡುತ್ತಿದ್ದಳು. ನನ್ನ ಇಷ್ಟು ವರ್ಷದ ರಸಾಯನಶಾಸ್ತ್ರವನ್ನು ಹಿತ್ತಲ ಬಾವಿಗೆ ಹಾಕಿ, "ಅತ್ಯಾಗ ಬಂದಾವಂದ್ರ ನಿನಗೂ ಬರ್ತಾವ ಕಾಕಾ" ಎಂದೆ. ಅಷ್ಟು ಸುಖ ಕೊಟ್ಟ ಸುಳ್ಳನ್ನು ನಾನು ಮತ್ತೆಂದೂ ಹೇಳಿಲ್ಲ.

ಕಾಕಾ ತನ್ನ ನೆತ್ತಿ ಸವರಿಕೊಂಡ. ಆಕಾಶ ನೋಡಿದ. ಆಮೇಲೆ ಕ್ಷೌರದ ಮುದುಕನಿಗೆ "ಇವತ್ತ ಬ್ಯಾಡ, ಹೋಗು" ಎಂದ. ಮಧ್ಯಾಹ್ನ ಅತ್ಯಾ ಎಂದಿನಂತೆ ಅಡಿಗೆ ಮಾಡಿ, ಅನ್ನದ ಪಾತ್ರೆಯನ್ನು ದೇವರ ಮುಂದೆ ಇಟ್ಟು ಸರಿದು ನಿಂತಳು. ಕಾಕಾ ಅದನ್ನು ಮುಟ್ಟುತ್ತಾನೋ, ಬದಿಗೆ ಸರಿಸುತ್ತಾನೋ ಎಂದು ನಾನು ಹೊಸ್ತಿಲಾಚೆ ನಿಂತು ನೋಡುತ್ತಿದ್ದೆ. ಅವನು ಸ್ವಲ್ಪ ಹೊತ್ತು ಪಾತ್ರೆಯನ್ನೂ, ಮಗ್ಗುಲಿನ ನೀಲಿ ಬಾಟಲಿಯನ್ನೂ ನೋಡಿ, ತುಳಸಿ ಹಾಕಿ, ಗಂಟೆ ಬಾರಿಸಿದ. ದೊಡ್ಡ ದೊಡ್ಡ ಸುಧಾರಕರಿಗೆ ನಮ್ಮ ಮನೆಯಲ್ಲಿ ಆಗದ ಕೆಲಸ ಒಬ್ಬ ಭಟ್ಟನ ಶೆಂಡಿಯ ಚಿಂತೆಯಿಂದ ಆಯಿತು.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅತ್ಯಾ ನನ್ನನ್ನು ಒಳಗೆ ಕರೆದು, ನನ್ನ ಬಾಚಣಿಗೆ ಕೇಳಿದಳು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನನಗೇ ಕೊಟ್ಟಳು. ಬೆರಳುದ್ದವೂ ಇರದ ಆ ಕೂದಲನ್ನು ನಾನು ಮೆಲ್ಲಗೆ ಹಿಂದಕ್ಕೆ ಬಾಚಿದೆ. ನನ್ನ ಕಣ್ಣು ತುಂಬಿದ್ದವು. ಅದನ್ನು ಮುಚ್ಚಿಕೊಳ್ಳಲಿಕ್ಕೆ, "ಔಷಧ ನಿನಗ ಭಾಳ ಛಲೋ ಹತ್ಯದ ಅತ್ಯಾ" ಎಂದು ನಗೆಯಾಡಿದೆ.

"ನೀನೂ ಹುಚ್ಚರಂಗ ಮಾತಾಡಬ್ಯಾಡ" ಎಂದಳು. "ಸಣ್ಣಾಕಿ ಇದ್ದಾಗಿಂದ ತಿಂಗಳಾ ತಿಂಗಳಾ ತಗದಾರ. ತಿಂಗಳಾ ತಿಂಗಳಾ ಮತ್ತ ಬಂದಾವ. ಅವಾಗೆಲ್ಲಾ ನಾ ಯಾವ ಔಷಧ ಹಚ್ಚಿದ್ದೆ?"